ಸಿಎ-125 ಚೀಟಿ ಹಿಡಿದು ಬರುವ ಮುಂಚೆ

ನಮ್ಮ ಲ್ಯಾಬು ವಿರಾಜಪೇಟೆಯಲ್ಲಿದೆ. ಕೆಳಗೆ ಗೊಬ್ಬರದಂಗಡಿ, ಮೇಲೆ ನಾವು. ಹದಿನೆಂಟು ವರ್ಷದಿಂದ ಇಲ್ಲೇ ರಕ್ತ ತೆಗೆಯುತ್ತಿದ್ದೇನೆ. ಮೊದಲೆಲ್ಲ ಶುಗರ್, ಥೈರಾಯ್ಡ್, ಮಳೆಗಾಲದಲ್ಲಿ ಡೆಂಗಿ, ಇಲಿ ಜ್ವರ, ಇಷ್ಟೇ ಇರುತ್ತಿತ್ತು. ಈಚೆಗೆ ಇನ್ನೊಂದು ಚೀಟಿ ಜಾಸ್ತಿಯಾಗಿದೆ. ಅದರಲ್ಲಿ ‘ಸಿಎ-125’ ಅನ್ನುವ ರಕ್ತ ಪರೀಕ್ಷೆ ಬರೆದಿರುತ್ತದೆ. ಹಿಡಿದು ಬರುವವರು ಇಪ್ಪತ್ತರಿಂದ ನಲವತ್ತರ ಒಳಗಿನ ಹೆಂಗಸರು. ಎಷ್ಟೋ ಜನರ ಒಂದು ಕೈ ಕಿಬ್ಬೊಟ್ಟೆಯ ಮೇಲೇ ಇರುತ್ತದೆ.

ಹೋದ ತಿಂಗಳು ಸಿದ್ದಾಪುರದ ಕಡೆಯ ಒಬ್ಬ ಹುಡುಗಿ ಅತ್ತೆಯನ್ನು ಕರೆದುಕೊಂಡು ಬಂದಳು. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದೆ. ‘ಅಕ್ಕ, ಇದು ಮಾಡಿಸಿದ್ರೆ ಎಂಡೊಮೆಟ್ರಿಯೋಸಿಸ್ ಇದೆಯೋ ಇಲ್ವೋ ಗೊತ್ತಾಗುತ್ತಲ್ವಾ? ಹೊಟ್ಟೆಗೆ ತೂತು ಹಾಕಿ ನೋಡೋದು ಬೇಡ ಅಲ್ವಾ?’ ಅಂದಳು.

‘ನಿಂಗೆ ಡೇಟ್ ಯಾವಾಗ ಆಯ್ತು?’

‘ನಿನ್ನೆ.’

ಪಟ್ಟಿ ಬಿಚ್ಚಿದೆ. ‘ಹತ್ತು ದಿನ ಬಿಟ್ಟು ಬಾ’ ಅಂದೆ. ಅತ್ತೆಗೆ ಸಿಟ್ಟು ಬಂತು. ಬರಬೇಕಾದ್ದೇ. ನಮ್ಮ ಕಡೆ ಓಡುವುದು ಪ್ರೈವೇಟ್ ಬಸ್ಸೇ ಜಾಸ್ತಿ, ಅದರಲ್ಲಿ ಫ್ರೀ ಟಿಕೆಟ್ ನಡೆಯುವುದಿಲ್ಲ. ಎರಡು ಸಲ ಬಂದು ಹೋಗುವುದು ಅಂದರೆ ಎರಡು ದಿನದ ಕೂಲಿಯೂ ಹೋಯಿತು. ಆದರೆ ಮುಟ್ಟಿನ ಎರಡನೇ ದಿನ ಈ ರಕ್ತ ಕೊಟ್ಟರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನೇ ಕೊಟ್ಟವಳು.

ಆಗ ನನಗೆ ಮೂವತ್ತೊಂದು. ಹದಿನೈದನೇ ವಯಸ್ಸಿನಿಂದ ಪ್ರತಿ ತಿಂಗಳೂ ಎರಡು ದಿನ ನೆಲ ಹಿಡಿದು ಮಲಗುತ್ತಿದ್ದೆ. ‘ಹೆಂಗಸರಿಗೆ ಇದ್ದದ್ದೇ, ಒಂದು ಹೆರಿಗೆ ಆದರೆ ಸರಿಹೋಗುತ್ತದೆ’ ಅಂತ ಅವ್ವ ಹೇಳುತ್ತಿದ್ದಳು. ಹೆರಿಗೆ ಆಯಿತು, ನೋವು ಹೋಗಲಿಲ್ಲ. ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಕೂತರೆ ಒಳಗೆ ಚಾಕು ಹಾಕಿದ ಹಾಗೆ ಆಗುತ್ತಿತ್ತು. ಒಬ್ಬ ಡಾಕ್ಟರು ಸಿಎ-125 ಬರೆದರು. ಯಾವ ದಿನ ಕೊಡಬೇಕು ಅಂತ ಅವರು ಹೇಳಲಿಲ್ಲ, ಲ್ಯಾಬಿನವಳಾಗಿ ನಾನೂ ಯೋಚಿಸಲಿಲ್ಲ. ನೋವು ಇದ್ದಾಗಲೇ ಕೊಟ್ಟರೆ ಸರಿಯಾಗಿ ಸಿಗುತ್ತದೆ ಅಂದುಕೊಂಡು ಎರಡನೇ ದಿನ ಎಡಗೈಗೆ ಪಟ್ಟಿ ಕಟ್ಟಿಸಿಕೊಂಡೆ. ರಿಪೋರ್ಟು 84 ಬಂತು. ಕೆಳಗೆ ನಾರ್ಮಲ್ ಅಂದರೆ 35ರ ಒಳಗೆ ಅಂತಿತ್ತು. ಮೇಲೆ ‘ಕ್ಯಾನ್ಸರ್ ಆಂಟಿಜೆನ್’ ಅಂತಿತ್ತು. ಆ ರಾತ್ರಿ ಮಗನನ್ನು ತಬ್ಬಿಕೊಂಡು ಎಷ್ಟು ಅತ್ತೆ ಅಂತ ಈಗ ಹೇಳಿದರೆ ನಗು ಬರುತ್ತದೆ. ಸಂಬಂಧದಲ್ಲಿ ಒಬ್ಬರು ‘ಗರ್ಭಕೋಶ ತೆಗೆಸಿಬಿಡು’ ಅಂತಲೂ ಸಲಹೆ ಕೊಟ್ಟರು. ಮೂರು ವಾರ ಬಿಟ್ಟು, ಮುಂದಿನ ಮುಟ್ಟಿನ ಮುಂಚೆ ಮತ್ತೆ ಕೊಟ್ಟೆ. 41 ಬಂತು.

ಆಮೇಲೆ ಓದಲು ಶುರುಮಾಡಿದೆ. ನಾನು ಡಾಕ್ಟರಲ್ಲ, ಸೂಜಿ ಹಿಡಿಯುವವಳು. ಔಷಧಿ ಹೇಳುವುದಿಲ್ಲ. ಆದರೆ ಈ ರಕ್ತ ಪರೀಕ್ಷೆಯನ್ನು ಹೇಗೆ ಮಾಡಿಸಬೇಕು, ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ, ಅದರ ಜೊತೆಗೆ ಏನು ಬೇಕು ಅಂತ ಹೇಳಬಲ್ಲೆ.

ಮೊದಲು ಕಾಯಿಲೆ ಏನು ಅಂತ

ಗರ್ಭಕೋಶದ ಒಳಗೋಡೆಯಲ್ಲಿ ತಿಂಗಳು ತಿಂಗಳು ಬೆಳೆದು ಉದುರುವ ಒಂದು ಪದರ ಇದೆ. ಅಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆದರೆ ಅದು ಎಂಡೊಮೆಟ್ರಿಯೋಸಿಸ್. ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ, ಮೂತ್ರಚೀಲದ ಮೇಲೆ, ಎಲ್ಲಿ ಬೇಕಾದರೂ ಕೂರಬಹುದು. ಅಲ್ಲಿ ಉರಿಯೂತ ಆಗುತ್ತದೆ, ಕಲೆ ಕಟ್ಟುತ್ತದೆ, ಒಂದು ಅಂಗ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಚೀಲ ಆದರೆ ಅದಕ್ಕೆ ಚಾಕೊಲೇಟ್ ಸಿಸ್ಟ್ ಅನ್ನುತ್ತಾರೆ. ಬಣ್ಣ ಹಾಗೇ ಇರುತ್ತದೆ, ಅದಕ್ಕೆ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಹತ್ತರಷ್ಟು ಜನರಿಗೆ, ಪ್ರಪಂಚದಲ್ಲಿ ಸುಮಾರು 19 ಕೋಟಿ ಜನರಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ಯಾನ್ಸರ್ ಅಲ್ಲ. ಅಂಟುಜಾಡ್ಯ ಅಲ್ಲ. ಯಾವ ಮೈಲಿಗೆಯ ಫಲವೂ ಅಲ್ಲ.

ಬಹಳ ವರ್ಷ ಇದನ್ನು ಖಚಿತ ಮಾಡಲು ಒಂದೇ ದಾರಿ ಅನ್ನುತ್ತಿದ್ದರು. ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ನೋಡುವುದು. ಅದೇ ಲ್ಯಾಪ್ರೊಸ್ಕೋಪಿ. ಯುರೋಪಿನ ಸಂತಾನ ವೈದ್ಯರ ಸಂಘ ಎಶ್ರೆ 2022ರಲ್ಲಿ ತನ್ನ ಮಾರ್ಗಸೂಚಿಯನ್ನು ಬದಲಾಯಿಸಿತು. ಲ್ಯಾಪ್ರೊಸ್ಕೋಪಿಯೇ ಅಂತಿಮ ಅಳತೆಗೋಲು ಅನ್ನುವ ಮಾತು ಇನ್ನಿಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗ, ಅಥವಾ ಹಾರ್ಮೋನು ಮಾತ್ರೆ ಕೊಟ್ಟು ನೋಡಿಯೂ ಪ್ರಯೋಜನ ಆಗದಿದ್ದಾಗ, ಇಲ್ಲವೇ ಆ ಮಾತ್ರೆ ಒಗ್ಗದಿದ್ದಾಗ ಅದಕ್ಕೆ ಹೋಗಿ ಅಂದಿತು. ಹಾಗಾಗಿ ‘ಆಪರೇಷನ್ ಇಲ್ಲದೆ ಗೊತ್ತಾಗುತ್ತಾ?’ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಉತ್ತರ ರಕ್ತದ ಟ್ಯೂಬಿನಲ್ಲಿ ಪೂರ್ತಿ ಸಿಗುವುದಿಲ್ಲ. ಅದೇ ಎಶ್ರೆ, ಅದೇ ಮಾರ್ಗಸೂಚಿಯಲ್ಲಿ, ರಕ್ತದ ಮಾರ್ಕರ್ (ಕಾಯಿಲೆಯ ಗುರುತು ತೋರಿಸುವ ಅಂಶ) ನೋಡಿ ಎಂಡೊಮೆಟ್ರಿಯೋಸಿಸ್ ಅಂತ ತೀರ್ಮಾನ ಮಾಡಬೇಡಿ ಅಂತಲೂ ಬರೆದಿದೆ. ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಇಂಗ್ಲೆಂಡಿನ ನೈಸ್ ಸಂಸ್ಥೆ 2017ರಲ್ಲೇ ಇದನ್ನು ಹೇಳಿತ್ತು. ಸಿಎ-125 ಬೇರೆ ಕಾರಣಕ್ಕೆ ಮಾಡಿಸಿದ್ದು ಕೈಯಲ್ಲಿದ್ದು, 35 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈ ಕಾಯಿಲೆ ಇರಬಹುದು. 35ಕ್ಕಿಂತ ಕಡಿಮೆ ಇದ್ದರೂ ಇರಬಹುದು. ಎರಡನೇ ಮಾತನ್ನು ಚೀಟಿಯ ಹಿಂದೆ ಅಚ್ಚು ಹಾಕಿಸಬೇಕು ಅನ್ನಿಸುತ್ತದೆ ನನಗೆ.

ಸಿಎ-125 ಅಂದರೆ

ಹೊಟ್ಟೆಯ ಒಳಪೊರೆ, ಶ್ವಾಸಕೋಶದ ಸುತ್ತಲಿನ ಪೊರೆ, ಹೃದಯದ ಸುತ್ತಲಿನ ಪೊರೆ, ಗರ್ಭಕೋಶದ ಒಳಪದರ, ಇವುಗಳ ಜೀವಕೋಶಗಳು ತಯಾರಿಸುವ ಒಂದು ಪ್ರೋಟೀನು ಇದು. ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಹಿಡಿಯುವ ಆ್ಯಂಟಿಬಾಡಿ ಕಂಡುಹಿಡಿದರು. ಅವರು ಹುಡುಕುತ್ತಿದ್ದದ್ದು ಅಂಡಾಶಯದ ಕ್ಯಾನ್ಸರಿನ ಗುರುತು. 125ನೇ ಪ್ರಯತ್ನದಲ್ಲಿ ಸಿಕ್ಕಿದ್ದಕ್ಕೆ ಹೆಸರಿನಲ್ಲಿ ಆ ನಂಬರು ಉಳಿಯಿತು. ‘ಕ್ಯಾನ್ಸರ್’ ಅನ್ನುವ ಪದವೂ ಉಳಿದುಬಿಟ್ಟಿತು. ಅದೊಂದು ಪದದಿಂದ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿದೆಯೋ.

ಆ ಪೊರೆಗಳಿಗೆ ಏನೇ ತೊಂದರೆಯಾದರೂ ಇದು ಏರುತ್ತದೆ. ಮುಟ್ಟು, ಬಸಿರಿನ ಮೊದಲ ತಿಂಗಳುಗಳು, ಗರ್ಭಕೋಶದ ಗಡ್ಡೆ, ಒಳಗಿನ ಸೋಂಕು, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬುವುದು, ಹೃದಯ ಸೋತಿರುವುದು, ಇತ್ತೀಚೆಗೆ ಆದ ಹೊಟ್ಟೆ ಆಪರೇಷನ್. ನಮ್ಮ ದೇಶದಲ್ಲಿ ಹೊಟ್ಟೆಯ ಟಿಬಿಯನ್ನು ಮರೆಯುವ ಹಾಗೇ ಇಲ್ಲ. ಅದರಲ್ಲಿ ಈ ಅಂಕಿ ನೂರಾರಕ್ಕೆ ಹೋಗಬಹುದು.

ಇದು ಎಷ್ಟು ನಂಬಿಕೆಗೆ ಅರ್ಹ? 2016ರಲ್ಲಿ 14 ಅಧ್ಯಯನಗಳನ್ನು, 2920 ಹೆಂಗಸರ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. 30 ಅಥವಾ ಜಾಸ್ತಿ ಬಂದರೆ ‘ಏರಿದೆ’ ಅಂತ ಇಟ್ಟುಕೊಂಡರು. ಕಾಯಿಲೆ ಇರುವ 100 ಜನರಲ್ಲಿ 52 ಜನರಿಗೆ ಮಾತ್ರ ಏರಿತ್ತು. ಕಾಯಿಲೆ ಇಲ್ಲದ 100 ಜನರಲ್ಲಿ 93 ಜನರಿಗೆ ಏರಿರಲಿಲ್ಲ. ಕಾಯಿಲೆ ತೀರಾ ಆರಂಭದ ಹಂತದಲ್ಲಿದ್ದವರಲ್ಲಿ ನೂರಕ್ಕೆ 24 ಜನರನ್ನಷ್ಟೇ ಹಿಡಿಯಿತು. ಮುಂದುವರಿದವರಲ್ಲಿ 63.

ಇದನ್ನು ಬಾಯಿ ಮಾತಿನಲ್ಲಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ನಾನು ಕಾಫಿ ಹಣ್ಣಿನ ಲೆಕ್ಕ ಹೇಳುತ್ತೇನೆ. ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ನಿಗೆ ಹಾಕುವ ಮುಂಚೆ ಹಣ್ಣನ್ನು ನೀರಿಗೆ ಬಿಡುತ್ತೇವಲ್ಲ, ಜೊಳ್ಳು ಮೇಲೆ ತೇಲುತ್ತದೆ. ತೇಲಿದ್ದು ಬಹುಪಾಲು ಜೊಳ್ಳೇ. ಆದರೆ ಮುಳುಗಿದ್ದೆಲ್ಲ ಗಟ್ಟಿ ಕಾಳು ಅಂತ ಯಾವ ತೋಟದವರು ಬರೆದುಕೊಡುತ್ತಾರೆ? ಬೋರರ್ ಹುಳ ಆಗತಾನೇ ಹೊಕ್ಕ ಹಣ್ಣೂ ಮುಳುಗುತ್ತದೆ. ಸಿಎ-125 ಆ ನೀರಿನ ತೊಟ್ಟಿ ಇದ್ದ ಹಾಗೆ. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಇನ್ನೂರು ಜನರಲ್ಲಿ 141 ಜನರ ರಿಪೋರ್ಟು ‘ನಾರ್ಮಲ್’. ಅವರಲ್ಲಿ 48 ಜನರಿಗೆ ಕಾಯಿಲೆ ಇದೆ. ಮೂರು ನಾರ್ಮಲ್ ರಿಪೋರ್ಟಿನಲ್ಲಿ ಒಂದು, ಹೆಚ್ಚುಕಡಿಮೆ, ಬರೀ ಸಮಾಧಾನದ ಕಾಗದ.

ನನ್ನ ಚಿಕ್ಕಮ್ಮನ ಮಗಳಿಗೆ ಅಂಥ ಕಾಗದವೇ ಸಿಕ್ಕಿತ್ತು. ಅಂಕಿ 14. ಒಂದು ದೊಡ್ಡ ಊರಿನಲ್ಲಿ ಮಾಡಿಸಿದ್ದು. ‘ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ’ ಅಂತ ವಾಪಸ್ ಕಳಿಸಿದರು. ಮನೆಯಲ್ಲೂ ‘ರಿಪೋರ್ಟೇ ಸರಿ ಇದೆ, ಇನ್ನೇನು ನಾಟಕ’ ಅಂದರು. ಮೂರು ವರ್ಷ ಆದಮೇಲೆ ಎಂಆರ್‌ಐ ಮಾಡಿಸಿದಾಗ ಗರ್ಭಕೋಶದ ಹಿಂದೆ, ಕರುಳಿಗೆ ಅಂಟಿಕೊಂಡು ಗಂಟು ಕಾಣಿಸಿತು. ನನಗೆ ಆ 84 ಕೊಟ್ಟ ಹೆದರಿಕೆಗಿಂತ ಅವಳಿಗೆ ಆ 14 ಕೊಟ್ಟ ಧೈರ್ಯ ಜಾಸ್ತಿ ಹಾಳು ಮಾಡಿತು.

ಮಾಡಿಸುವುದೇ ಆದರೆ ಹೀಗೆ

ಡಾಕ್ಟರು ಬರೆದುಕೊಟ್ಟಿದ್ದಾರೆ ಅಂದರೆ ಕಾರಣ ಇರಬಹುದು. ಸ್ಕ್ಯಾನಿನಲ್ಲಿ ಸಿಸ್ಟ್ ಕಂಡಿದೆ, ಅದು ಯಾವ ಬಗೆಯದು ಅಂತ ನೋಡಲು ಬರೆಯುತ್ತಾರೆ. ಆಗ ಮಾಡಿಸಿ. ಸುಮ್ನೆ ನಾವೇ ಹೋಗಿ ‘ಲೇಡೀಸ್ ಪ್ಯಾಕೇಜ್’ ಅಂತ ಮಾಡಿಸುವುದು ಬೇಡ. ಅಂಥ ಪ್ಯಾಕೇಜು ಮಾರಲು ಬಂದವರನ್ನು ನಾನು ಮೆಟ್ಟಿಲಿನಿಂದಲೇ ಕಳಿಸಿದ್ದೇನೆ. ಮಾಲೀಕರು ಅದಕ್ಕೆ ಬೈದದ್ದೂ ಉಂಟು.

ದಿನ: ಮುಟ್ಟು ಪೂರ್ತಿ ನಿಂತಿರಬೇಕು. ನಿಂತ ಮೇಲೆ ಇನ್ನೂ ಮೂರು ನಾಲ್ಕು ದಿನ ಕಳೆದರೆ ಒಳ್ಳೆಯದು. ಕೊನೆಯ ಮುಟ್ಟು ಶುರುವಾದ ತಾರೀಖನ್ನು ಚೀಟಿಯ ಮೇಲೆ ಬರೆಸಿ. ಲ್ಯಾಬಿನವರು ಕೇಳದಿದ್ದರೂ ನೀವೇ ಹೇಳಿ. ರಿಪೋರ್ಟು ನೋಡುವ ಡಾಕ್ಟರಿಗೆ ಆ ತಾರೀಖು ಅಂಕಿಯಷ್ಟೇ ಮುಖ್ಯ. ಡೇಟ್ ತಪ್ಪಿದ್ದರೆ ಮೊದಲು ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್.

ಮಾತ್ರೆ: ಗರ್ಭನಿರೋಧಕ ಮಾತ್ರೆಯನ್ನೋ ಬೇರೆ ಹಾರ್ಮೋನನ್ನೋ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಅಂಕಿ ಇಳಿದಿರಬಹುದು. ನಿಲ್ಲಿಸಬೇಡಿ, ಹೇಳಿದರೆ ಸಾಕು. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಈಗ ಬಹಳ. ಜಾಸ್ತಿ ಪ್ರಮಾಣದ ಬಯೋಟಿನ್ ಕೆಲವು ಮೆಷಿನ್ನುಗಳ ಲೆಕ್ಕವನ್ನೇ ತಪ್ಪಿಸುತ್ತದೆ. ಡಾಕ್ಟರನ್ನು ಕೇಳಿ ಎರಡು ಮೂರು ದಿನ ಮೊದಲೇ ನಿಲ್ಲಿಸಿ.

ಊಟ: ಹಸಿದು ಬರಬೇಕಿಲ್ಲ. ಕಡುಬು ತಿಂದೇ ಬನ್ನಿ. ಖಾಲಿ ಹೊಟ್ಟೆಯಲ್ಲಿ ಬಂದು ತಲೆ ಸುತ್ತಿ ಬೀಳುವವರನ್ನು ಹಿಡಿಯುವುದೇ ನಮಗೆ ಒಂದು ಕೆಲಸ.

ಇನ್ನು ನಮ್ಮ ಟೇಬಲ್ಲಿನ ಮೇಲೆ ಏನಾಗುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ. ಹಳದಿ ಮುಚ್ಚಳದ ಟ್ಯೂಬಿಗೆ ಸುಮಾರು ಮೂರು ಎಂಎಲ್ ರಕ್ತ. ಅದರ ತಳದಲ್ಲಿ ತುಪ್ಪ ಗಟ್ಟಿಯಾದ ಹಾಗೆ ಒಂದು ಜೆಲ್ ಇರುತ್ತದೆ. ಟ್ಯೂಬನ್ನು ಕುಲುಕಬಾರದು, ಐದಾರು ಸಲ ಮೆಲ್ಲಗೆ ಮಗುಚಿ ನಿಲ್ಲಿಸಬೇಕು. ಅರ್ಧ ಗಂಟೆ ಬಿಟ್ಟರೆ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕೆಳಗೆ, ಜೆಲ್ಲು ನಡುವೆ, ಮೇಲೆ ತಿಳಿ ಹಳದಿ ಸೀರಂ. ನಮಗೆ ಬೇಕಾದ್ದು ಆ ಸೀರಂ. ಅದು ಥರ್ಮೋಕೋಲ್ ಡಬ್ಬದಲ್ಲಿ, ಐಸ್ ಪ್ಯಾಕಿನ ನಡುವೆ, ಸಂಜೆ ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತದೆ. ‘ಮಳೆಗೆ ರೋಡ್ ಬಂದ್ ಆದ್ರೆ ನನ್ ರಕ್ತ ಹಾಳಾಗಲ್ವಾ ಅಕ್ಕ?’ ಅಂತ ಕೇಳುತ್ತಾರೆ. ಸೀರಂ ಬೇರ್ಪಡಿಸಿ ತಣ್ಣಗೆ ಇಟ್ಟಿದ್ದರೆ ಒಂದೆರಡು ದಿನಕ್ಕೆ ಈ ಪರೀಕ್ಷೆಗೆ ಏನೂ ಆಗುವುದಿಲ್ಲ. ಬೇರ್ಪಡಿಸದೆ ಹಾಗೇ ಟ್ಯೂಬು ಕಳಿಸುವ ಜಾಗದಲ್ಲಿ ಕೊಡಬೇಡಿ. ‘ಇಲ್ಲೇ ಸ್ಪಿನ್ ಮಾಡ್ತೀರಾ?’ ಅಂತ ಕೇಳಲು ನಿಮಗೆ ಹಕ್ಕಿದೆ.

ಎರಡನೇ ಸಲ ಮಾಡಿಸುವುದಾದರೆ ಅದೇ ಲ್ಯಾಬು, ತಿಂಗಳ ಅದೇ ಹೊತ್ತು. ಒಂದು ಕಂಪನಿಯ ಕಿಟ್ಟಿನ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸಲು ಹೋದರೆ ಸುಮ್ನೆ ಗಲಿಬಿಲಿ.

ರಿಪೋರ್ಟು ವಾಟ್ಸಾಪಿನಲ್ಲಿ ಬಂದ ತಕ್ಷಣ ಗೂಗಲ್ ಮಾಡಬೇಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ. ಇಷ್ಟು ನೆನಪಿಡಿ: 35 ಅನ್ನುವುದು ಗೋಡೆಯಲ್ಲ. 38 ಬಂದವಳಿಗೂ 33 ಬಂದವಳಿಗೂ ದೊಡ್ಡ ವ್ಯತ್ಯಾಸವಿಲ್ಲ. ನೂರು ಇನ್ನೂರರ ಮೇಲೆ ಹೋದರೆ, ಮುಟ್ಟು ನಿಂತ ವಯಸ್ಸಿನವರಿಗೆ ಏರಿದ್ದರೆ, ಸಿಸ್ಟಿನ ಒಳಗೆ ಗಟ್ಟಿ ಭಾಗ ಇದೆ ಅಂತ ಸ್ಕ್ಯಾನಿನಲ್ಲಿ ಬರೆದಿದ್ದರೆ, ತಡ ಮಾಡದೆ ತೋರಿಸಿ. ಆಗ ಡಾಕ್ಟರು ಎಚ್‌ಇ4 ಅನ್ನುವ ಇನ್ನೊಂದು ಮಾರ್ಕರ್ ಬರೆಯಬಹುದು. ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಸಾಮಾನ್ಯವಾಗಿ ಏರುವುದಿಲ್ಲ, ಅಂಡಾಶಯದ ಕ್ಯಾನ್ಸರಿನಲ್ಲಿ ಏರುವುದು ಜಾಸ್ತಿ. ಎರಡನ್ನೂ ಜೋಡಿಸಿ ನೋಡಿದರೆ ಹೆದರಿಕೆಗೆ ಕಾರಣ ಇದೆಯೋ ಇಲ್ಲವೋ ಅಂತ ಅಂದಾಜು ಸಿಗುತ್ತದೆ.

ಎಎಂಎಚ್ ಬರೆದಿದ್ದರೆ ಅದು ಕಾಯಿಲೆ ಹಿಡಿಯಲು ಅಲ್ಲ. ಅಂಡಾಶಯದಲ್ಲಿ ಮೊಟ್ಟೆಯ ದಾಸ್ತಾನು ಎಷ್ಟಿದೆ ಅಂತ ತಿಳಿಯಲು. ಚಾಕೊಲೇಟ್ ಸಿಸ್ಟ್ ಆಪರೇಷನ್ ಮಾಡಿಸಿದರೆ ಆ ದಾಸ್ತಾನು ಇಳಿಯಬಹುದು. ಮಕ್ಕಳು ಬೇಕು ಅನ್ನುವವರು ಆಪರೇಷನ್ನಿಗೆ ಒಪ್ಪುವ ಮುಂಚೆಯೇ ಇದರ ಬಗ್ಗೆ ಮಾತಾಡಿ. ಹಿಮೋಗ್ಲೋಬಿನ್, ಫೆರಿಟಿನ್ ಮಾಡಿಸಲು ಮಾತ್ರ ನಾನು ಯಾವಾಗಲೂ ಹೇಳುತ್ತೇನೆ. ಎಂಡೊಮೆಟ್ರಿಯೋಸಿಸ್ ಇರಲಿ ಇಲ್ಲದಿರಲಿ, ಜಾಸ್ತಿ ರಕ್ತ ಹೋಗುವವಳ ಮೈಯಲ್ಲಿ ಕಬ್ಬಿಣ ಉಳಿದಿರುವುದಿಲ್ಲ.

ಸೂಜಿಗಿಂತ ದೊಡ್ಡ ಸಾಕ್ಷಿ

ಈ ಭಾಗ ನನ್ನ ಲ್ಯಾಬಿಗೆ ಒಂದು ರೂಪಾಯಿ ತರುವುದಿಲ್ಲ. ಆದರೆ ಕೆಲಸಕ್ಕೆ ಬರುವುದು ಇದೇ.

ಗೋಡೆಯ ಕ್ಯಾಲೆಂಡರ್ ತೆಗೆದುಕೊಳ್ಳಿ. ಸೊಸೈಟಿಯವರು ಕೊಟ್ಟದ್ದಾದರೂ ಸರಿ. ಮುಟ್ಟಿನ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ. ಪ್ರತಿ ದಿನದ ಚೌಕದಲ್ಲಿ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ. ಕಕ್ಕಸಿಗೆ ಹೋಗುವಾಗ ನೋವಾದರೆ ‘ಕ’, ಮೂತ್ರಕ್ಕೆ ಹೋಗುವಾಗ ಆದರೆ ‘ಮ’, ಗಂಡನ ಜೊತೆ ಸೇರುವಾಗ ಆದರೆ ನಿಮಗೆ ಮಾತ್ರ ಗೊತ್ತಾಗುವ ಒಂದು ಗುರುತು. ನಾನು ನಕ್ಷತ್ರ ಹಾಕುತ್ತಿದ್ದೆ, ‘ಏನಮ್ಮ ಇದು, ಹಬ್ಬವಾ?’ ಅಂತ ಮಗ ಕೇಳುತ್ತಿದ್ದ. ಎಷ್ಟು ಮೆಫ್ಟಾಲ್ ನುಂಗಿದಿರಿ, ಎಷ್ಟು ದಿನ ಕೆಲಸ ಬಿಟ್ಟಿರಿ, ಅದನ್ನೂ ಬರೆಯಿರಿ. ಮೂರು ತಿಂಗಳು ಸಾಕು.

ಬರೆಯಲು ಬರದವರಿಗೂ ದಾರಿ ಇದೆ. ಕಾಫಿ ಹಣ್ಣು ಕುಯ್ಯುವ ಒಬ್ಬರು ತೋಟದ ಕೂಲಿಯವರ ಲೈನ್ ಮನೆಯಿಂದ ಬರುತ್ತಿದ್ದರು. ‘ನೋವು ಎಷ್ಟು?’ ಅಂದರೆ ‘ಇರ್ತದೆ’ ಅಷ್ಟೇ. ಅವರ ಗಂಡ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಕೇಳಿ ತೂಕದ ಪುಸ್ತಕದ ಫೋಟೋ ತಂದ. ಡಿಸೆಂಬರಿನಿಂದ ಫೆಬ್ರವರಿವರೆಗೆ ದಿನಾ ಎಷ್ಟು ಕೆ.ಜಿ. ಕುಯ್ದರು ಅಂತ ಸಾಲಾಗಿ ಇತ್ತು. ಮೂರು ತಿಂಗಳಲ್ಲೂ ಒಂದೊಂದು ಕಡೆ ಮೂರು ದಿನ ತೂಕ ಅರ್ಧಕ್ಕಿಳಿದಿತ್ತು, ಒಂದು ದಿನ ಸೊನ್ನೆ. ಆ ಫೋಟೋ ನೋಡಿದ ಲೇಡಿ ಡಾಕ್ಟರು ಮುಂದಿನ ಪ್ರಶ್ನೆ ಕೇಳದೆ ಸ್ಕ್ಯಾನಿಗೆ ಬರೆದರು.

ಸ್ಕ್ಯಾನ್ ಅಂದರೆ ಯೋನಿಯ ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್, ಟಿವಿಎಸ್. ಅನುಭವ ಇರುವವರ ಕೈಯಲ್ಲಿ ಇದು ಚಾಕೊಲೇಟ್ ಸಿಸ್ಟನ್ನು ಚೆನ್ನಾಗಿ ತೋರಿಸುತ್ತದೆ. ಉಜ್ಜಿದ ಗಾಜಿನ ಹಿಂದೆ ಬೆಳಕಿಟ್ಟ ಹಾಗೆ ಮಸುಕಾಗಿ, ಒಂದೇ ಸಮನಾಗಿ ಕಾಣುತ್ತದೆ. ಚೀಟಿ ಬರೆಸುವಾಗ ‘ಎಂಡೊಮೆಟ್ರಿಯೋಸಿಸ್ ಅನುಮಾನ, ಸ್ಲೈಡಿಂಗ್ ಸೈನ್ ನೋಡಿ’ ಅಂತ ಸೇರಿಸಲು ಡಾಕ್ಟರನ್ನು ಕೇಳಿ. ಗರ್ಭಕೋಶವೂ ಹಿಂದಿನ ಕರುಳೂ ಒಂದರ ಮೇಲೊಂದು ಜಾರುತ್ತವೆಯೋ, ಅಂಟಿಕೊಂಡಿವೆಯೋ ಅಂತ ಮೆಲ್ಲಗೆ ಒತ್ತಿ ನೋಡುವುದು ಅದು. ಕೇಳದಿದ್ದರೆ ಎಷ್ಟೋ ಕಡೆ ನೋಡುವುದಿಲ್ಲ. ಹಾಗೆ ನೋಡಿದ್ದಕ್ಕೇ ನನಗೆ ಮೈಸೂರಿನಲ್ಲಿ ಎಡ ಅಂಡಾಶಯದಲ್ಲಿ ನಾಲ್ಕು ಸೆಂಟಿಮೀಟರಿನ ಸಿಸ್ಟ್ ಇರುವುದೂ, ಅದು ಗರ್ಭಕೋಶಕ್ಕೆ ಅಂಟಿರುವುದೂ ಒಂದೇ ಮಧ್ಯಾಹ್ನ ಗೊತ್ತಾಯಿತು. ಹದಿನಾರು ವರ್ಷದ ನೋವು, ಇಪ್ಪತ್ತು ನಿಮಿಷದ ಸ್ಕ್ಯಾನು.

ಮದುವೆಯಾಗದ ಹುಡುಗಿಯರಿಗೆ ಟಿವಿಎಸ್ ಮಾಡಲು ಇಲ್ಲಿ ಹಿಂಜರಿಯುತ್ತಾರೆ. ಹೊಟ್ಟೆಯ ಮೇಲಿನಿಂದ ಮಾಡುತ್ತಾರೆ. ಅದರಲ್ಲಿ ಸಿಸ್ಟ್ ಕಾಣಬಹುದು, ಹಿಂದಿನ ಗಂಟು ತಪ್ಪಿಹೋಗಬಹುದು. ಅಂಥವರು ಎಂಆರ್‌ಐ ಬಗ್ಗೆ ಕೇಳಬೇಕು. ಸ್ಕ್ಯಾನೂ ನಾರ್ಮಲ್, ಎಂಆರ್‌ಐ ಕೂಡ ನಾರ್ಮಲ್ ಬಂದು ನೋವು ಹಾಗೇ ಇದೆ ಅಂದರೆ? ಪೊರೆಯ ಮೇಲೆ ತೆಳ್ಳಗೆ ಹರಡಿದ ಕಾಯಿಲೆ ಯಾವ ಸ್ಕ್ಯಾನಿಗೂ ಸಿಗದೇ ಇರಬಹುದು. ಆಗ ಡಾಕ್ಟರು ಹಾರ್ಮೋನು ಮಾತ್ರೆ ಕೊಟ್ಟು ಕೆಲವು ತಿಂಗಳು ನೋಡಬಹುದು, ಇಲ್ಲವೇ ಲ್ಯಾಪ್ರೊಸ್ಕೋಪಿಗೆ ಹೋಗಬಹುದು. ಎರಡೂ ಸರಿಯಾದ ದಾರಿಯೇ. ನನಗೆ ಡಯನೊಜೆಸ್ಟ್ ಕೊಟ್ಟರು, ದಿನಕ್ಕೆ 2 ಮಿಲಿಗ್ರಾಂ. ಮೊದಲ ಎರಡು ತಿಂಗಳು ಚೂರು ಚೂರು ರಕ್ತ ಕಾಣಿಸಿಕೊಂಡು ತಲೆ ಚಿಟ್ಟು ಹಿಡಿಯಿತು, ಆಮೇಲೆ ನಿಂತಿತು. ಈಗ ಹಾರ್ಮೋನು ಇರುವ, ಕಾಪರ್-ಟಿ ತರಹದ್ದನ್ನು ಹಾಕಿಸಿಕೊಂಡಿದ್ದೇನೆ. ಹೊಟ್ಟೆಗೆ ತೂತು ಇನ್ನೂ ಬಿದ್ದಿಲ್ಲ.

ಹೊಸ ಟೆಸ್ಟು ಬಂದಿದೆಯಂತೆ ಅಲ್ವಾ?

ಪೇಪರಿನ ತುಂಡು ಕತ್ತರಿಸಿ ತಂದು ಕೇಳುತ್ತಾರೆ. ಬಂದಿದೆ, ಆದರೆ ನಮ್ಮ ಮೆಟ್ಟಿಲು ಹತ್ತಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2016ರಲ್ಲಿ 141 ಅಧ್ಯಯನ, 15,141 ಹೆಂಗಸರು, 122 ಬಗೆಯ ರಕ್ತದ ಮಾರ್ಕರುಗಳನ್ನು ಜಾಲಿಸಿ ನೋಡಿದರು. ಆಪರೇಷನ್ನಿನ ಜಾಗಕ್ಕೆ ನಿಲ್ಲಿಸುವಂಥದ್ದು ಒಂದೂ ಸಿಗಲಿಲ್ಲ. ಒಂದೊಂದೇ ಮಾರ್ಕರ್ ಹಿಡಿದು ಪ್ರಯೋಜನ ಇಲ್ಲ ಅಂತ ಗೊತ್ತಾದ ಮೇಲೆ ಈಗ ಹಲವನ್ನು ಒಟ್ಟಿಗೆ ಕಟ್ಟಿ ನೋಡುತ್ತಿದ್ದಾರೆ. ಆಸ್ಟ್ರೇಲಿಯಾದ ಪರ್ತ್‌ನ ಪ್ರೋಟಿಯೋಮಿಕ್ಸ್ ಇಂಟರ್‌ನ್ಯಾಷನಲ್ ಅನ್ನುವ ಕಂಪನಿ ರಕ್ತದ ಹತ್ತು ಪ್ರೋಟೀನುಗಳ ಗೊಂಚಲನ್ನು ಎಂಟುನೂರಕ್ಕೂ ಹೆಚ್ಚು ಹೆಂಗಸರಲ್ಲಿ ಪರೀಕ್ಷಿಸಿದೆ. ಕಾಯಿಲೆ ಜೋರಾಗಿದ್ದವರಲ್ಲಿ ಫಲಿತಾಂಶ ಬಹಳ ಚೆನ್ನಾಗಿದೆ. ಫ್ರಾನ್ಸಿನ ಜಿವಿಗ್ ಕಂಪನಿಯದು ರಕ್ತ ಕೂಡ ಅಲ್ಲ, ಎಂಜಲು. ಅದರಲ್ಲಿರುವ 109 ಮೈಕ್ರೋಆರ್‌ಎನ್‌ಎ, ಅಂದರೆ ಜೀವಕೋಶಗಳು ತಯಾರಿಸುವ ಪುಟ್ಟ ಆರ್‌ಎನ್‌ಎ ತುಣುಕುಗಳನ್ನು ಓದುತ್ತಾರೆ. ಅಲ್ಲಿನ ಆರೋಗ್ಯ ಪ್ರಾಧಿಕಾರ 2024ರ ಜನವರಿಯಲ್ಲಿ ಇದಕ್ಕೆ ಮಿತವಾದ ಒಪ್ಪಿಗೆ ಕೊಟ್ಟಿತು. ಎಲ್ಲರಿಗೂ ಅಲ್ಲ, ನೋವಿದ್ದೂ ಸ್ಕ್ಯಾನಿನಲ್ಲಿ ಸ್ಪಷ್ಟವಾಗದವರಿಗೆ, ಇನ್ನಷ್ಟು ಮಾಹಿತಿ ಕೂಡಿಸುತ್ತಲೇ ಬಳಸಿ ಅಂತ. ಎಂಜಲಿನಲ್ಲೇ ಗೊತ್ತಾಗುವ ಕಾಲ ಬಂದರೆ ನನ್ನ ಕೆಲಸಕ್ಕೆ ಕುತ್ತು ಅಂತ ನಮ್ಮ ಲ್ಯಾಬಿನ ಹುಡುಗ ಗೇಲಿ ಮಾಡುತ್ತಾನೆ. ಮಾಡಲಿ. ಅಲ್ಲಿವರೆಗೆ ಆನ್‌ಲೈನಿನಲ್ಲಿ ‘ಒಂದು ಹನಿ ರಕ್ತದಲ್ಲಿ ಎಂಡೊಮೆಟ್ರಿಯೋಸಿಸ್ ಪತ್ತೆ’ ಅಂತ ಕಂಡರೆ, ಯಾವ ಮಾರ್ಕರ್, ಎಷ್ಟು ಜನರಲ್ಲಿ ನೋಡಿದ್ದು, ನೂರರಲ್ಲಿ ಎಷ್ಟನ್ನು ತಪ್ಪಿಸಿಕೊಳ್ಳುತ್ತದೆ, ಈ ಮೂರನ್ನು ಬರಹದಲ್ಲಿ ಕೇಳಿ. ಉತ್ತರ ಬಾರದಿದ್ದರೆ ದುಡ್ಡು ಕಳಿಸಬೇಡಿ.

ಡೇಟ್ ತಪ್ಪಿ ಒಂದು ಪಕ್ಕ ಜೋರು ನೋವು ಬಂದರೆ, ಜ್ವರದ ಜೊತೆ ಹೊಟ್ಟೆನೋವು ಇದ್ದರೆ, ನೋವಿಗೆ ಎಚ್ಚರ ತಪ್ಪಿದರೆ ಲ್ಯಾಬಿಗೆ ಬರಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.

ಸಿದ್ದಾಪುರದ ಹುಡುಗಿ ಹನ್ನೊಂದನೇ ದಿನ ಬಂದಳು. ಈ ಸಲ ಒಬ್ಬಳೇ. ಅಂಕಿ 29 ಬಂತು. ರಿಪೋರ್ಟಿನ ಜೊತೆ ಹಳೇ ಕ್ಯಾಲೆಂಡರಿನ ಮೂರು ಹಾಳೆ ಮಡಚಿ ಇಟ್ಟುಕೊಂಡು ಸ್ಕ್ಯಾನಿಗೆ ದಿನ ಗೊತ್ತು ಮಾಡಿಕೊಂಡಿದ್ದಾಳೆ. ಮಳೆಗಾಲದಲ್ಲಿ ರಕ್ತ ಕೊಡಲು ಬರುವವರಿಗೆ ಒಂದು ಮಾತು: ಬಿಗಿ ತೋಳಿನ ಸ್ವೆಟರ್ ಹಾಕಿಕೊಂಡು ಬರಬೇಡಿ, ಬರುವ ಮುಂಚೆ ಎರಡು ಲೋಟ ಬಿಸಿನೀರು ಕುಡಿಯಿರಿ. ಚಳಿಗೆ ನರ ಒಳಗೆ ಸರಿದುಬಿಡುತ್ತದೆ, ಎರಡು ಸಲ ಚುಚ್ಚಬೇಕಾದರೆ ನನಗೂ ಬೇಜಾರು.